ಪೊರಕೆಯ ಲಯ, ಹಾಡಿನ ಸಾಲು: ಶಾಲೆಯ ಸ್ವಚ್ಛತಾ ಕೆಲಸದ ಜೊತೆಗೆ ಹಾಡು ಬರೆಯುವ ಬಗೆ

ಶಾಲೆಯ ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ಬರೆದರಾಯಿತು ಎಂದುಕೊಂಡ ಹಾಡು ಬಹುತೇಕ ಬರೆಯದೆಯೇ ಉಳಿಯುತ್ತದೆ. ಅಷ್ಟು ಹೊತ್ತಿಗೆ ಸೊಂಟ ಹಿಡಿದಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ. ಸಾಲು ಹುಟ್ಟುವುದು ಕೆಲಸದ ನಡುವೆ, ತಿದ್ದುವುದು ಮನೆಯಲ್ಲಿ ಎಂದು ಇಟ್ಟುಕೊಂಡರೆ ಎರಡೂ ನಡೆಯುತ್ತವೆ. ಅದಕ್ಕೆ ಮೊದಲು ದಿನದ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಬೇಕು.

ಕೈ ತಾನಾಗಿ ಮಾಡಿಕೊಂಡು ಹೋಗುವ ಕೆಲಸ ಒಂದು ಪಾಲು: ಖಾಲಿ ಕಾರಿಡಾರ್ ಗುಡಿಸುವುದು, ಬೆಂಚು ಒರೆಸುವುದು, ಒಣ ಮಾಪ್ ಎಳೆಯುವುದು, ಕಸದ ಡಬ್ಬಿಗೆ ಚೀಲ ಬದಲಿಸುವುದು. ಪೂರ್ತಿ ಗಮನ ಬೇಡುವ ಕೆಲಸ ಇನ್ನೊಂದು: ಏಣಿ ಹತ್ತುವುದು, ನೆಲ ಉಜ್ಜುವ ಯಂತ್ರ ಓಡಿಸುವುದು, ದ್ರಾವಣ ಬೆರೆಸುವುದು, ಕೊನೆಗೆ ಕಿಟಕಿ ಬಾಗಿಲು ನೋಡಿ ಬೀಗ ಹಾಕುವುದು. ಮಕ್ಕಳು ಓಡಾಡುವ ಹೊತ್ತಿನಲ್ಲಿ ಯಾವ ಕೆಲಸವಾದರೂ ಈ ಎರಡನೆಯ ಪಾಲಿಗೇ ಸೇರುತ್ತದೆ. ಇಲ್ಲಿ ಹಾಡು ಬೇಡವೇ ಬೇಡ.

ದ್ರಾವಣದ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಮನಸ್ಸು ಬೇರೆ ಕಡೆ ಹೋದಾಗ ದೊಡ್ಡ ಅನಾಹುತ ಆಗುವುದು ಇಲ್ಲೇ. 5% ಬ್ಲೀಚ್ ದ್ರವ ಆದರೆ 1 ಲೀಟರ್ ನೀರಿಗೆ 20 ಮಿ.ಲೀ. ಹಾಕಿದಾಗ ಸುಮಾರು 0.1% ದ್ರಾವಣ ಆಗುತ್ತದೆ. ಎಷ್ಟು ಮುಚ್ಚಳ ಸುರಿದೆ ಎಂಬುದು ಮರೆತುಹೋದರೆ ಅಂದಾಜಿನ ಮೇಲೆ ಮುಂದುವರಿಯಬೇಡಿ, ಹೊಸದಾಗಿ ಅಳೆದು ಬೆರೆಸಿ. ಶೌಚಾಲಯದ ಆಸಿಡ್ ಕ್ಲೀನರ್ ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯ ಇರುವ ಕ್ಲೀನರ್ ಸೇರಿದರೂ ವಿಷದ ಹೊಗೆಯೇ. ಹಾಡುವವರಿಗೆ ಗಂಟಲು ಉರಿಯುವುದಷ್ಟೇ ಅಲ್ಲ, ಶ್ವಾಸಕೋಶಕ್ಕೇ ಪೆಟ್ಟು ಬೀಳುತ್ತದೆ. ಒಂದು ಬಕೆಟ್‌ಗೆ ಒಂದೇ ದ್ರಾವಣ, ಬೆರೆಸುವಾಗ ಕಿಟಕಿ ತೆರೆದಿರಲಿ.

ಇದೇ ಕೆಲಸ ಸಮಯವನ್ನೂ ಕೊಡುತ್ತದೆ. ಸೋಂಕುನಾಶಕ ಹಚ್ಚಿದ ಮೇಲೆ ಅದು ಹಸಿಯಾಗಿಯೇ ಕೆಲವು ನಿಮಿಷ ನಿಲ್ಲಬೇಕು, ಎಷ್ಟೋ ಡಬ್ಬಿಗಳ ಮೇಲೆ 10 ನಿಮಿಷ ಎಂದು ಬರೆದಿರುತ್ತದೆ. ತಕ್ಷಣ ಒರೆಸಿದರೆ ಕೆಲಸವೂ ಕೆಟ್ಟಿತು, ಸಮಯವೂ ಹೋಯಿತು. ಹೊರಗೆ ಬಂದು, ಗ್ಲೌಸ್ ತೆಗೆದು, ಕೈ ತೊಳೆದು ಒರೆಸಿಕೊಂಡು, ಬೇರೆ ಕೆಲಸ ಕಾಯುತ್ತಿಲ್ಲದಿದ್ದರೆ ಎರಡು ಸಾಲು ಬರೆದುಕೊಳ್ಳಿ. ಫೋನಿನಲ್ಲಿ ಟೈಮರ್ ಇಟ್ಟುಕೊಳ್ಳುವುದು ಮರೆಯಬೇಡಿ. ಪ್ರಾಸ ಹುಡುಕುತ್ತಾ ಕೂತರೆ ಹತ್ತು ನಿಮಿಷ ನಲವತ್ತಾಗುತ್ತದೆ.

ಜೇಬಿನಲ್ಲಿ ಅಂಗೈಯಷ್ಟು ದೊಡ್ಡ ಪುಸ್ತಕ, ಒಂದು ಮೋಟು ಪೆನ್ಸಿಲ್, ಎರಡನ್ನೂ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಇಂಕ್ ಪೆನ್ನು ಬೇಡ, ಒಂದು ಹನಿ ನೀರು ಬಿದ್ದರೆ ಪುಟವೇ ಹೋಗುತ್ತದೆ. ಪದ ಅರ್ಧ ಗಂಟೆ ಬಿಟ್ಟರೂ ನೆನಪಾಗಬಹುದು, ರಾಗ ಹಾಗಲ್ಲ. ಕಸದ ಚೀಲ ಹೊರಗಿಟ್ಟು ಬರುವಷ್ಟರಲ್ಲಿ ಅದು ಕೇಳಿ ಗೊತ್ತಿರುವ ಇನ್ಯಾವುದೋ ಹಾಡಿನೊಳಗೆ ಕರಗಿಹೋಗಿರುತ್ತದೆ. ಹಾಗಾಗಿ ಗುನುಗಿದ್ದನ್ನು ಆಗಲೇ ಫೋನಿನಲ್ಲಿ 20 ಸೆಕೆಂಡಿನಷ್ಟು ಹಿಡಿದಿಡಿ. ಫೈಲಿಗೆ ದಿನಾಂಕದ ಜೊತೆ ಮೊದಲ ಎರಡು ಪದಗಳ ಹೆಸರು ಕೊಡಿ. ‘ರೆಕಾರ್ಡಿಂಗ್ 47’ ಎಂದು ಉಳಿದದ್ದನ್ನು ಆಮೇಲೆ ಯಾರೂ ತೆರೆದು ಕೇಳುವುದಿಲ್ಲ. ಹಿನ್ನೆಲೆಯಲ್ಲಿ ಮಕ್ಕಳ ದನಿ ಸೇರಿದ್ದರೆ ಆ ತುಣುಕನ್ನು ಯಾರಿಗೂ ಕಳಿಸಬೇಡಿ, ಬೇರೆ ಕಡೆ ಮತ್ತೆ ಗುನುಗಿ ಹಳೆಯದನ್ನು ಅಳಿಸಿ.

ಈಗ ಲಯ. ಪೊರಕೆ ಬೀಸಿನಷ್ಟು ಸಮ ನಡಿಗೆಯ ತಾಳ ಸಿಗುವುದು ಕಷ್ಟ. ಒಂದು ಬೀಸಿಗೆ 4 ಮಾತ್ರೆ, ನಾಲ್ಕು ಬೀಸಿಗೆ 16 ಮಾತ್ರೆಯ ಒಂದು ಸಾಲು. ಹ್ರಸ್ವಕ್ಕೆ 1, ದೀರ್ಘಕ್ಕೆ 2, ಒತ್ತಕ್ಷರದ ಹಿಂದಿನದಕ್ಕೂ ಅನುಸ್ವಾರ ಇರುವುದಕ್ಕೂ ‘ಸಿಲ್’ನಂತೆ ವ್ಯಂಜನದಲ್ಲಿ ನಿಲ್ಲುವುದಕ್ಕೂ 2. ಬೆಂಚಿನಡಿ ಗುಡಿಸುವಾಗ ಕಂಡದ್ದನ್ನೇ ತೆಗೆದುಕೊಳ್ಳೋಣ. ಮೊದಲು ಬಾಯಿಗೆ ಬರುವುದು ಹೀಗೆ:

ಬೆಂಚಿನ ಕೆಳಗಡೆ ಪೆನ್ಸಿಲ್ ಚೂರು ಬಿದ್ದಿದೆ

ಬೆಂಚಿನ 4, ಕೆಳಗಡೆ 4, ಪೆನ್ಸಿಲ್ 4. ಇಲ್ಲಿಯವರೆಗೆ ಸರಿ. ‘ಚೂರು’ 3, ‘ಬಿದ್ದಿದೆ’ 4. ಒಟ್ಟು 19. ಕೊನೆಯ ಬೀಸಿನಲ್ಲಿ ನಾಲಿಗೆ ಓಡಬೇಕಾಗುತ್ತದೆ, ಇಲ್ಲವೇ ಪೊರಕೆ ನಿಲ್ಲುತ್ತದೆ. ನಿಂತಿತು ಎಂದರೆ ಸಾಲು ಎಡವಿದೆ ಎಂದೇ ಅರ್ಥ. ‘ಬಿದ್ದಿದೆ’ ಬಿಟ್ಟು ‘ಚೂರಿದೆ’ ಅನ್ನಿ: 4, ಲೆಕ್ಕ 16ಕ್ಕೆ ಬಂತು.

ಬೆಂಚಿನ ಕೆಳಗಡೆ ಪೆನ್ಸಿಲ್ ಚೂರಿದೆ
ಯಾರದೊ ಕನಸಿನ ತುದಿ ಮುರಿದಂತಿದೆ

ಎರಡನೆಯ ಸಾಲನ್ನು ಯಾರದೊ, ಕನಸಿನ, ತುದಿಮುರಿ, ದಂತಿದೆ ಎಂದು ಒಡೆದು ಬೀಸಿ ನೋಡಿ. ಇಲ್ಲೊಂದು ಅಪಾಯವೂ ಕಾಣುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಇದೆ-ಇದೆ’ ಪ್ರಾಸ ಪುಕ್ಕಟೆ ಸಿಗುತ್ತದೆ. ಎರಡು ಸಾಲಿಗೆ ಚೆನ್ನ, ಆರು ಸಾಲಿಗೆ ಕಿವಿ ದಣಿಯುತ್ತದೆ. ಮೂರನೆಯ ಸಾಲಿನಲ್ಲಿ ಪದಗಳನ್ನು ತಿರುಗಿಸಿ, ನಾಮಪದವನ್ನು ಕೊನೆಗೆ ತನ್ನಿ.

ಹೊತ್ತು ಕಳೆದಂತೆ ತೋಳು ದಣಿದು ಬೀಸು ನಿಧಾನವಾಗುತ್ತದೆ. ಬೆಳಿಗ್ಗೆ ಚುರುಕಾಗಿದ್ದ ಪಲ್ಲವಿ ಸಂಜೆಗೆ ಜೋಗುಳದಂತೆ ಕೇಳಿಸುವುದು ಇದರಿಂದಲೇ. 15 ಸೆಕೆಂಡಿನಲ್ಲಿ ಎಷ್ಟು ಬೀಸು ಎಂದು ಎಣಿಸಿ 4ರಿಂದ ಗುಣಿಸಿ, ಆ ಸಂಖ್ಯೆಯನ್ನು ಸಾಲಿನ ಪಕ್ಕ ಬರೆದಿಡಿ.

ಇಯರ್‌ಫೋನ್ ಹಾಕಲೇಬೇಕೆಂದರೆ ಒಂದೇ ಕಿವಿಗೆ, ಅದೂ ಕಟ್ಟಡ ಖಾಲಿ ಇದ್ದಾಗ. ಯಂತ್ರದ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವುದು ಎಲ್ಲರೂ ಮಾಡುವ ತಪ್ಪು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು, ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ ಎಂಬುದು ಒಂದು ಪ್ರಚಲಿತ ಸುರಕ್ಷತಾ ಲೆಕ್ಕ. ಕಿವಿ ಕೆಟ್ಟರೆ ಶ್ರುತಿ ಹಿಡಿಯುವುದು ಹೇಗೆ?

ಗಿಟಾರ್‌ನಂಥ ತಂತಿ ವಾದ್ಯ ನುಡಿಸುವವರಿಗೆ ಕೈಯೇ ದೊಡ್ಡ ಚಿಂತೆ. ದಿನವಿಡೀ ನೀರಿನಲ್ಲಿ ನೆನೆದ ಬೆರಳಿನ ಗಡಸು ಚರ್ಮ ಮೆತ್ತಗಾಗಿ, ತಂತಿ ಒತ್ತಿದರೆ ಸುಲಿಯುತ್ತದೆ. ಗ್ಲೌಸ್ ಹಾಕಿ, ಬೆವರಿದಾಗ ಬದಲಿಸಿ, ಮನೆ ತಲುಪಿ ಕೈ ಚೆನ್ನಾಗಿ ಒಣಗಿದ ಮೇಲಷ್ಟೇ ವಾದ್ಯ ಮುಟ್ಟಿ. ಮಾಪ್ ಹಿಂಡುವುದಕ್ಕೂ ತಂತಿ ಒತ್ತುವುದಕ್ಕೂ ಮುಂಗೈಯ ಸ್ನಾಯುಗಳೇ ದುಡಿಯುತ್ತವೆ. ಮಣಿಕಟ್ಟು ತಿರುಚಿ ಹಿಂಡುವ ಬದಲು ಹಿಡಿಕೆ ಒತ್ತಿ ಹಿಂಡುವ ಬಕೆಟ್ ಕೇಳಿ ಪಡೆಯಿರಿ. ಬೆರಳು ಜೋಮು ಹಿಡಿದ ದಿನ ವಾದ್ಯ ಬೇಡ, ಬರೀ ಪದ ತಿದ್ದಿ. ಮತ್ತೆ ಮತ್ತೆ ಹಾಗಾದರೆ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ದಿನಕ್ಕೆ 20 ನಿಮಿಷ ಸಾಕು. ಅದರಲ್ಲಿ ಹೊಸದನ್ನು ಬರೆಯಬೇಡಿ, ಜೇಬಿನ ಪುಸ್ತಕದಿಂದ ಒಂದು ಸಾಲು ಮತ್ತು ಅದರ ದನಿ ತುಣುಕು ಮಾತ್ರ ಎತ್ತಿಕೊಳ್ಳಿ. ಪಲ್ಲವಿ, ಚರಣಗಳನ್ನು ಜೋಡಿಸುವ ಕೆಲಸ ರಜೆಯ ದಿನಕ್ಕಿರಲಿ. ಪರೀಕ್ಷೆಯ ದಿನಗಳಲ್ಲಿ ಗುನುಗುವುದೂ ಬೇಡ, ಖಾಲಿ ಕಾರಿಡಾರಿನಲ್ಲಿ ಸಣ್ಣ ದನಿಯೂ ದೂರ ಹೋಗುತ್ತದೆ. ಅದೇ ಗುಣಕ್ಕಾಗಿ ಖಾಲಿ ಸಭಾಂಗಣದಲ್ಲಿ ಹಾಡಿ ರೆಕಾರ್ಡ್ ಮಾಡುವ ಆಸೆ ಹುಟ್ಟುತ್ತದೆ, ಅದು ಸಹಜವೇ. ಮುಖ್ಯೋಪಾಧ್ಯಾಯರನ್ನು ಕೇಳಿ, ದಿನ ಮತ್ತು ಹೊತ್ತನ್ನು ಬರಹದಲ್ಲಿ ಪಡೆಯಿರಿ. ಶಾಲೆಯ ವಾದ್ಯ ಬೇಕಿದ್ದರೆ ಅದನ್ನೂ ಆ ಚೀಟಿಯಲ್ಲೇ ಸೇರಿಸಿ. ಹಾಜರಿಯಲ್ಲಿ ಹೊರಡುವ ಹೊತ್ತು ಬರೆದ ಮೇಲೆಯೇ ರೆಕಾರ್ಡಿಂಗ್ ಶುರು ಮಾಡಿ, ಕೊನೆಯ ಬೀಗದ ಸುತ್ತನ್ನು ಹಾಡು ಮುಗಿದ ನಂತರ ಇನ್ನೊಮ್ಮೆ ಹಾಕಿ.