ಮುಕ್ಕಾಲು ಮಗ್ಗಿಗೆ ವರ್ಸೋವಾದ ಮೆಟ್ಟಿಲು

ಮುಂಬಯಿಯ ಅಂಧೇರಿಯಲ್ಲಿ ಮನೆಪಾಠ ಹೇಳುವ ನಾನು ಭಿನ್ನರಾಶಿಯನ್ನು ವರ್ಸೋವಾದ ಕಡಲ ದಡದಲ್ಲಿ ಕಲಿಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಕುಂದಾಪುರ ಕಡೆಯ ಹೋಟೆಲ್ ಮ್ಯಾನೇಜರೊಬ್ಬರು, “ಮಾಷ್ಟ್ರೇ, ಕಡಲು ತೋರಿಸುವುದಕ್ಕೆ ನಾವಿದ್ದೇವೆ. ನೀವು ಗಣಿತ ಹೇಳಿಕೊಡಿ” ಎಂದು ಎರಡು ತಿಂಗಳ ಫೀಸು ಹಿಡಿದಿಟ್ಟರು.

ಲೆಕ್ಕ ನನ್ನದಲ್ಲ. ನಮ್ಮ ಬೀದಿಗೆ ಬಂಗುಡೆ ಮೀನು ತರುವ, ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸು ಹೇಳಿದ್ದು: ತಿಥಿಯ ಮುಕ್ಕಾಲು ಪಾಲೇ ಭರತದ, ಅಂದರೆ ಕಡಲು ಉಬ್ಬಿ ನೀರು ತುಂಬುವ, ಹೊತ್ತು. ಏಕಾದಶಿಯಾದರೆ ಹನ್ನೊಂದರ ಮುಕ್ಕಾಲು, ಎಂಟೂಕಾಲು ಗಂಟೆ. ನಮ್ಮ ಅಜ್ಜಂದಿರು ಉರುಹೊಡೆದು ಮರೆತ ಮುಕ್ಕಾಲು ಮಗ್ಗಿ ಅವಳ ಬಾಯಲ್ಲಿ ಇನ್ನೂ ಇತ್ತು.

ಮೊದಲ ಭಾನುವಾರ ಹನ್ನೊಂದು ಮಕ್ಕಳೊಂದಿಗೆ ಹೋದೆ. ಆರಡಿಯ ಪಿವಿಸಿ ಪೈಪಿಗೆ ಗೇಣು ಗೇಣಿಗೆ ಕೆಂಪು ಬಣ್ಣ ಬಳಿದು ಹೂತಿದ್ದೆ. ಪೈಪು, ಬಣ್ಣ, ಆಟೋ ಸೇರಿ ಆರುನೂರು ರೂಪಾಯಿಯ ಆಸುಪಾಸು. ದೊಡ್ಡ ಭರತದ ದಿನ ಮುಂಬಯಿಯಲ್ಲಿ ನೀರು ನಾಲ್ಕು ಮೀಟರ್ ದಾಟುತ್ತದೆ ಎನ್ನುವುದು ಗೊತ್ತಿದ್ದೂ ಎಡವಿದೆ. ಪೈಪು ಮುಳುಗಿತು, ಆಮೇಲೆ ಕಾಣಲೇ ಇಲ್ಲ. ಎರಡನೆಯ ಸಲ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಅದನ್ನು ಅಲೆ ನೆಕ್ಕಿತು. ಮೂರನೆಯ ಸಲ ಕ್ಯಾಲೆಂಡರಿನಲ್ಲಿ ದಶಮಿ ಎಂದು ನೋಡಿ ಹೊರಟೆ, ತಿಥಿ ಮಾತ್ರ ನಸುಕಿನಲ್ಲೇ ಮುಗಿಯುವುದಿತ್ತು. ಮುಕ್ಕಾಲು ಗಂಟೆ ಬಿಸಿಲಿನಲ್ಲಿ ಕಾದು, ಮಕ್ಕಳಿಗೆ ವಡಾಪಾವ್ ಕೊಡಿಸಬೇಕಾಯಿತು.

ಕೈಹಿಡಿದದ್ದು ದೋಣಿಕಟ್ಟೆಯ ಮೆಟ್ಟಿಲು. ಒಂದೊಂದೂ ಏಳು ಅಂಗುಲ. ಮೇಲೆ ಕುಳಿತು ಕಾಲು ಗಂಟೆಗೊಮ್ಮೆ ಒಣಗಿರುವ ಮೆಟ್ಟಿಲು ಎಣಿಸುವುದು, ಅಷ್ಟೇ. ಎಣಿಕೆ ಇನ್ನು ಇಳಿಯುವುದಿಲ್ಲ ಎನ್ನುವಲ್ಲಿ ಭರತ. ಪಾಚಿ ಕಟ್ಟಿದ ಮೆಟ್ಟಿಲಿಗೆ ಯಾರನ್ನೂ ಇಳಿಸಲಿಲ್ಲ. ಅಲೆ ಎರಚಿ ತೇವವಾದ ಮೆಟ್ಟಿಲನ್ನು ಮುಳುಗಿದ ಮೆಟ್ಟಿಲಿನಿಂದ ಬೇರ್ಪಡಿಸಲು ನನ್ನದೊಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ.

ಆರೇಳು ವಾರದ ಪಟ್ಟಿ ಕೂಡಿದ ಮೇಲೆ ಹುಣ್ಣಿಮೆ ತಕರಾರು ತೆಗೆಯಿತು. ಹದಿನೈದರ ಮುಕ್ಕಾಲು ಹನ್ನೊಂದೂಕಾಲು; ನೀರು ತುಂಬಿದ್ದು ಹನ್ನೆರಡರ ಸುಮಾರಿಗೆ. ಗಣಿತದಲ್ಲಿ ಸದಾ ಹಿಂದಿದ್ದ, ಆ ಮ್ಯಾನೇಜರರ ಮಗನೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಚಿ, “ಸರ್, ಮುಕ್ಕಾಲು ಸಾಲದು, ಐದರಲ್ಲಿ ನಾಲ್ಕು ಪಾಲು ಮಾಡಿದರೆ ಸರಿಯಾಗಿ ಹನ್ನೆರಡು ಬರುತ್ತದೆ” ಎಂದ. ಮುಕ್ಕಾಲಿಗಿಂತ ಅದು ದೊಡ್ಡದು ಹೇಗೆ ಎಂದು ಕೇಳಿದೆ. “ತಿಥಿಗೆ ನಲವತ್ತೈದು ನಿಮಿಷ ಇದ್ದದ್ದು ನಲವತ್ತೆಂಟಾಯಿತಲ್ಲ” ಎಂದ. ಇದನ್ನೇ ಹಲಗೆಯ ಮೇಲೆ ಕಲಿಸಲು ಎರಡು ವರ್ಷ ಗಂಟಲು ಹರಿದುಕೊಂಡಿದ್ದೆ! ಅಷ್ಟಮಿಯ ಆಚೀಚೆ ಮಾತ್ರ ಎರಡು ಲೆಕ್ಕವೂ ಕೈಕೊಡುತ್ತವೆ.

ನಡುವೆ ಒಂದು ಲೀಟರ್ ಕಡಲ ನೀರನ್ನು ಮನೆಯಲ್ಲಿ ಕುದಿಸಿ ಇಂಗಿಸಿದೆವು. ಮೂವತ್ತೈದು ಗ್ರಾಂ ಉಪ್ಪು ಸಿಗಬೇಕಿತ್ತು, ಮೂವತ್ತರ ಹತ್ತಿರ ಸಿಕ್ಕಿತು. ಉಳಿದದ್ದು ತಳ ಹಿಡಿದ ಪಾತ್ರೆಗೆ ಅಂಟಿಕೊಂಡಿತ್ತು. ಆ ಪಾತ್ರೆಯ ವಿಷಯ ಮನೆಯವರ ಮುಂದೆ ಈಗಲೂ ಎತ್ತುವಂತಿಲ್ಲ. ಮುಂಬಯಿಯ ಪೂರ್ವ ದಡದ ಶಿವಡಿಯ ಕೆಸರಿನಲ್ಲಿ ಇಳಿತದ ಹೊತ್ತಿಗೆ ಮೇಯುವ ರಾಜಹಂಸಗಳನ್ನು ಇದೇ ಲೆಕ್ಕ ಹಿಡಿದು ನೋಡಿ ಬಂದೆವು. ಭರತಕ್ಕೆ ಆರು ಗಂಟೆ ಕೂಡಿಸಿದರಾಯಿತು.

ಮೊನ್ನೆ ಮ್ಯಾನೇಜರರು ಫೋನ್ ಮಾಡಿದ್ದರು. ಊರಿನಿಂದ ನೆಂಟರು ಬಂದಿದ್ದಾರಂತೆ, ಕಡಲ ನಡುವಿನ ಹಾಜಿ ಅಲಿ ದರ್ಗಾದ ದಾರಿ ಎಷ್ಟು ಹೊತ್ತಿಗೆ ಮುಳುಗುತ್ತದೆ ಎಂದು ಕೇಳಿದರು. ಮಗನನ್ನೇ ಕೇಳಿ ಎಂದೆ. ಎರಡು ತಿಂಗಳ ಬಾಕಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.