ಎಕ್ಸ್‌ಪೋರ್ಟ್ ಏರಿದ್ರೆ ಇಂಡಸ್ಟ್ರಿ ಬೆಳೀತು ಅಂತಾನಾ? ಚೆಕ್ ಮಾಡೋದು ಹೀಗೆ

ಬೆಳೀತಿರೋ ದೇಶ ಒಂದರ ಎಕ್ಸ್‌ಪೋರ್ಟ್ ಜಾಸ್ತಿ ಆಯ್ತು ಅಂತ ನ್ಯೂಸ್ ಬಂದ್ರೆ ಮೊದ್ಲು ವಿಶ್ವಸಂಸ್ಥೆಯ ಕಾಮ್‌ಟ್ರೇಡ್ (ದೇಶಗಳ ವ್ಯಾಪಾರದ ಲೆಕ್ಕ) ಡೇಟಾದಲ್ಲಿ ಏನು ಮಾರ್ತಿದಾರೆ ಅಂತ ನೋಡಿ, ಎಚ್‌ಎಸ್ ಕೋಡ್ (ಸರಕಿನ ಪ್ರತಿ ಬಗೆಗೂ ಇರೋ ಅಂತಾರಾಷ್ಟ್ರೀಯ ನಂಬರ್) ಹಾಕಿದ್ರೆ ಐಟಂ ಪ್ರಕಾರ ಸಿಗುತ್ತೆ. ದುಡ್ಡಿನ ಲೆಕ್ಕ ಒಂದೇ ನೋಡ್ಬೇಡಿ, ಟನ್ ಲೆಕ್ಕಾನೂ ನೋಡಿ. ಜಾಂಬಿಯಾ ಥರ ತಾಮ್ರ ನಂಬ್ಕೊಂಡಿರೋ ಕಡೆ ರೇಟ್ ಏರಿದ್ರೆ ಸಾಕು, ಒಂದು ಹೊಸ ಫ್ಯಾಕ್ಟರಿ ಬರದಿದ್ರೂ ಎಕ್ಸ್‌ಪೋರ್ಟ್ ಏರಿದ ಹಾಗೇ ಕಾಣುತ್ತೆ.

ಆಮೇಲೆ ಇಂಪೋರ್ಟ್ ನೋಡಿ, ನನ್ ಪ್ರಕಾರ ಇದೇ ಮುಖ್ಯ, ಜನ ಬಿಟ್ಟುಬಿಡೋದೂ ಇದನ್ನೇ. ವಿಯೆಟ್ನಾಂ ಲೆಕ್ಕ ಇಲ್ಲದಷ್ಟು ಫೋನ್ ಕಳಿಸುತ್ತೆ ನಿಜ, ಆದ್ರೆ ಪಾರ್ಟ್ಸ್ ಜಾಸ್ತಿ ಬರೋದು ಚೀನಾ, ಕೊರಿಯಾದಿಂದ, ಹಾಗಾಗಿ ಅಲ್ಲೇ ಉಳಿಯೋ ಮೌಲ್ಯ ಎಷ್ಟು ಅಂತ ತಿಳೀಬೇಕಂದ್ರೆ ಒಇಸಿಡಿಯ (ಹೆಚ್ಚಾಗಿ ಶ್ರೀಮಂತ ದೇಶಗಳಿರೋ ಆರ್ಥಿಕ ಸಂಘಟನೆ) ಟಿವಾ ಡೇಟಾ, ಅಂದ್ರೆ ಯಾವ ದೇಶದಲ್ಲಿ ಎಷ್ಟು ಮೌಲ್ಯ ಸೇರ್ತು ಅನ್ನೋ ಲೆಕ್ಕ, ತೆಗೀಬೇಕು.

ಒಂದು ವರ್ಷ ನೋಡಿ ತೀರ್ಮಾನ ಮಾಡ್ಬೇಡಿ, ಹತ್ತಿಪ್ಪತ್ತು ವರ್ಷದ್ದು ಒಟ್ಟಿಗೆ ಇಡಿ. ದಕ್ಷಿಣ ಕೊರಿಯಾ 1960ರ ದಶಕದಲ್ಲಿ ವಿಗ್, ಪ್ಲೈವುಡ್ ಮಾರ್ತಿತ್ತು, 1968ರಲ್ಲಿ ಪೋಸ್ಕೋ ಅನ್ನೋ ಸ್ಟೀಲ್ ಕಂಪನಿ ಶುರುವಾಯ್ತು, ಆಮೇಲೆ ಸ್ಟೀಲು, ಹಡಗು, ಕಾರು ಅಂತ ಲಿಸ್ಟೇ ಬದಲಾಯ್ತು. ಹುಡುಕ್ಬೇಕಾಗಿರೋದು ಈ ಬದಲಾವಣೇನೇ.

ಜಿಡಿಪಿಯಲ್ಲಿ ಮ್ಯಾನುಫ್ಯಾಕ್ಚರಿಂಗ್ ಪಾಲು ವರ್ಲ್ಡ್ ಬ್ಯಾಂಕ್ ಸೈಟಲ್ಲಿ ಫ್ರೀಯಾಗಿ ಸಿಗುತ್ತೆ, ಅದನ್ನೂ ಪಕ್ಕದಲ್ಲಿಟ್ಕೊಳ್ಳಿ.