ಹಗಲಲ್ಲೂ ಬಾಗಿಲು ತೆರೆದ ಹಳೇ ರಂಗಮಂದಿರ

ನಾನು ನೋಡಿಕೊಳ್ಳುವ ರಂಗಮಂದಿರ ನೂರು ವರ್ಷ ದಾಟಿದ್ದು. ನಾಟಕ ಇಲ್ಲದ ದಿನ ಬೀಗ ಜಡಿದಿರುತ್ತಿತ್ತು. ಬೀಗ ಬಿದ್ದ ಕಟ್ಟಡ ಬೇಗ ಹಾಳಾಗುತ್ತದೆ: ಗಾಳಿಯಾಡದೆ ಪರದೆಗೆ ಬೂಷ್ಟು ಹಿಡಿಯುತ್ತದೆ, ಚಾವಣಿ ಸೋರಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಹಗಲು ಹೊತ್ತು ಊರವರಿಗೆ ಬಿಟ್ಟುಕೊಟ್ಟದ್ದರಲ್ಲಿ ಅರ್ಧ ನನ್ನ ಸ್ವಾರ್ಥವೇ.

ಹಾಡಿನ ಗುಂಪು, ಹಿರಿಯರ ಕೂಟ, ಮಕ್ಕಳ ತಾಲೀಮು, ಎಲ್ಲರೂ ಬಂದರು. ಬಂದವರ ಮೊದಲ ದೂರು ಸದ್ದಿನದು. ಹೌಸ್‌ಫುಲ್ ನಾಟಕದಲ್ಲಿ ಪಿಸುಮಾತೂ ಕೇಳುವ ಹಾಲ್, ಹತ್ತಿಪ್ಪತ್ತು ಜನ ಕೂತರೆ ಗಂಯ್‌ಗುಡುತ್ತದೆ. ಮೈಕ್ ಹಾಕಿಸಿ ಎಂದವರೇ ಹೆಚ್ಚು. ಮೈಕ್ ಹಾಕಿದರೆ ಗದ್ದಲ ದೊಡ್ಡದಾಗುತ್ತದೆಯೇ ಹೊರತು ಮಾತು ಬಿಡಿಸಿ ಕೇಳುವುದಿಲ್ಲ. ಸದ್ದು ಹೀರುವುದು ಜನರ ಮೈ, ಬಟ್ಟೆ, ಮೆತ್ತೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ ಇದನ್ನು ಅಳೆದದ್ದೂ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದೇ. ನನ್ನ ಅಳತೆ ಇನ್ನೂ ಸರಳ: ಹಾಲ್ ನಡುವೆ ನಿಂತು ಒಂದೇ ಚಪ್ಪಾಳೆ, ಅದರ ಬಾಲ ಎಷ್ಟು ಹೊತ್ತು ಎಳೆಯುತ್ತದೆಂದು ಕಿವಿಗೊಡುವುದು. ಬಾಲ್ಕನಿ ಕೆಳಗೆ ದಪ್ಪ ಉಣ್ಣೆಯ ಪರದೆ ಎಳೆದೆವು. ಹಿಂದಿನ ಸಾಲುಗಳೇ ಒಂದು ಸಣ್ಣ ಕೋಣೆಯಾದವು. ಇನ್ನು ಕೆಲವರನ್ನು ಸೀದಾ ರಂಗದ ಮೇಲೇ ಕೂರಿಸಿ ಅಂಕದ ಪರದೆ ಇಳಿಸಿದೆವು. ನೆಲದ ಹಲಗೆ ಎಷ್ಟು ಭಾರ ತಡೆಯುತ್ತದೆಂದು ಎಂಜಿನಿಯರ್ ನೋಡಿ ಹೇಳಿದ ಮೇಲೆ, ಅನ್ನಿ.

ನಮ್ಮದೊಂದು ಕಟ್ಟುನಿಟ್ಟು: ಹೊಸದಾಗಿ ಏನೇ ಸೇರಿಸಿದರೂ ಗೋಡೆಗೆ ಗಾಯವಾಗದಂತೆ ನಾಳೆ ತೆಗೆಯುವ ಹಾಗಿರಬೇಕು. ಬಾಲ್ಕನಿ ಕೆಳಗಿನ ಪರದೆಯ ಕಂಬಿ ತನ್ನ ಕಾಲ ಮೇಲೇ ನಿಂತಿದೆ, ಗಾರೆಯ ಹೂಬಳ್ಳಿಗೆ ಒಂದು ಮೊಳೆಯೂ ಬಿದ್ದಿಲ್ಲ. ಗಾಲಿಕುರ್ಚಿಯ ಇಳಿಜಾರು ಮರದ್ದು, ಮೆಟ್ಟಿಲ ಮೇಲೆ ಸುಮ್ಮನೆ ಕೂತಿದೆ. ಪ್ಲಾಸ್ಟಿಕ್ ಪೇಂಟ್ ಬಳಿಯುತ್ತೇನೆಂದ ಪೇಂಟರನ್ನು ವಾಪಸ್ ಕಳಿಸಿ ಸುಣ್ಣವನ್ನೇ ಹೊಡೆಸಿದೆ. ಗಾರೆಯ ಗೋಡೆಯ ತೇವ ಹೊರಗೆ ಆರಬೇಕು. ಮುಚ್ಚಿದರೆ ಪದರು ಪದರಾಗಿ ಉದುರುತ್ತದೆ.

ಬಾಗಿಲ ವಿಷಯದಲ್ಲಿ ಮಾತ್ರ ಹಳತನ್ನು ಬಿಟ್ಟುಕೊಟ್ಟೆ. 1903ರಲ್ಲಿ ಶಿಕಾಗೋದ ಇರೊಕ್ವಾ ಥಿಯೇಟರ್ ಬೆಂಕಿಯಲ್ಲಿ ಆರುನೂರು ಜನ ಸತ್ತರು; ಕೆಲವು ಬಾಗಿಲಿಗೆ ಬೀಗ, ಇನ್ನು ಕೆಲವಕ್ಕೆ ಗಾಬರಿಯಲ್ಲಿ ತೆಗೆಯಲು ಬಾರದ ಚಿಲಕ. ನಮ್ಮ ಬಾಗಿಲುಗಳು ಈಗ ಹೊರಕ್ಕೆ ತೆರೆಯುತ್ತವೆ, ಮೈತಾಗಿ ತಳ್ಳಿದರೆ ಸಾಕು. ಹಿತ್ತಾಳೆ ಚಿಲಕಗಳನ್ನು ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಉಳಿದದ್ದು ನಾಟಕದವರ ಗೊಣಗು. ಸೆಟ್ ನಿಂತ ದಿನ ಹಗಲಿನ ಕೂಟಕ್ಕೆ ರಂಗ ಇಲ್ಲ, ಬಾಲ್ಕನಿ ಕೆಳಗಿನ ಜಾಗ ಮಾತ್ರ. ಬುಕಿಂಗ್ ಪುಸ್ತಕದ ಮೊದಲ ಪುಟದಲ್ಲೇ ಹೀಗೆ ಬರೆದಿಟ್ಟ ಮೇಲೆ ಜಗಳ ಕಡಿಮೆಯಾಗಿದೆ, ನಿಂತಿಲ್ಲ.